ಕಾರಿನ ಕಣ್ಣಿಗೆ ಪೊರೆ

ಬೇರೆಯವರ ಮನೇಲಿ ಸಾಮಾನು ಕೆಟ್ಟರೆ ರಿಪೇರಿ ಆಗುತ್ತೆ, ನಮ್ಮನೇಲಿ ಕಥೆ ಆಗುತ್ತೆ. ಸ್ವೀಡನ್ನಿನ ವೆಸ್ಟೆರಾಸ್‌ಗೆ ಬಂದ ಒಂಬತ್ತು ವರ್ಷದಲ್ಲಿ ಮಿಕ್ಸಿ, ಸೈಕಲ್ಲು, ಬಾಲ್ಕನಿ ಬಾಗಿಲು ಯಾವುದೂ ತೆಪ್ಪಗೆ ರಿಪೇರಿಯಾಗಿದ್ದಿಲ್ಲ, ಊರಿಗೆಲ್ಲ ಸುದ್ದಿ ಮಾಡಿಯೇ ಆಗಿದ್ದು. ಈ ವರ್ಷದ ಸರದಿ ನನ್ನ ಕಾರಿನ ಹೆಡ್‌ಲೈಟಿಗೆ ಬಂತು.

ನನ್ನ ಕಾರು ಅಂದೆ, ಗಮನಿಸಿ. ನಮ್ಮ ಕಾರು ಅನ್ನಲಿಲ್ಲ. ನಾನು ಇಲ್ಲಿ ಮೂರು ಶಾಲೆಗಳಲ್ಲಿ ನಮ್ಮವರ ಮಕ್ಕಳಿಗೆ ಕನ್ನಡ ಹೇಳಿಕೊಡ್ತೀನಿ. ಒಂದು ಊರಿನ ಈ ತುದಿ, ಇನ್ನೊಂದು ಆ ತುದಿ. ಬಸ್ಸಲ್ಲಿ ಹೋದರೆ ನಾನು ಶಾಲೆ ತಲುಪೋ ಹೊತ್ತಿಗೆ ಮಕ್ಕಳು ಮನೆ ತಲುಪಿರ್ತಾರೆ. ಅದಕ್ಕೇ ಡ್ರೈವಿಂಗ್ ಟೆಸ್ಟಲ್ಲಿ ಮೂರು ಸಲ ಡುಮ್ಕಿ ಹೊಡೆದು, ನಾಲ್ಕನೇ ಸಲ ಪಾಸಾಗಿ, ನನ್ನ ಸಂಬಳದಲ್ಲಿ ಒಂದು ಹಳೇ ಬೂದು ಬಣ್ಣದ ಕಾರು ತಗೊಂಡೆ. ಈ ದೇಶದಲ್ಲಿ ನನ್ನೊಬ್ಬಳ ಹೆಸರಲ್ಲಿ ಇರೋ ವಸ್ತು ಅದೊಂದೇ. ಅದರ ಮೇಲೆ ನನಗೆ ಪ್ರಾಣ.

ಜೂನ್‌ನಲ್ಲಿ ಕೊಂಡಿದ್ದು

ಇಲ್ಲಿ ಹಳೇ ಕಾರನ್ನ ವರ್ಷಕ್ಕೊಂದು ಸಲ ತಪಾಸಣೆಗೆ ಒಯ್ಯಬೇಕು. ಫೇಲಾದರೆ ಒಂದು ತಿಂಗಳ ಗಡುವು. ಅಷ್ಟರಲ್ಲಿ ಸರಿ ಮಾಡಿಸಿ ಮತ್ತೆ ತೋರಿಸಲಿಲ್ಲವೋ, ಕಾರು ರಸ್ತೆಗಿಳಿಯೋ ಹಾಗಿಲ್ಲ.

ಮಾರ್ಚ್ ಕೊನೇಲಿ ಹೋದೆ. ತಪಾಸಣೆ ಮಾಡೋನು ಗಡ್ಡದ ಹುಡುಗ, ಬಹಳ ಮರ್ಯಾದಸ್ಥ. ಲೈಟಿನ ಮುಂದೆ ಕೂತು ಬೆರಳಿಂದ ಟಕಟಕ ಅಂತ ತಟ್ಟಿದ.

"ಎರಡೂ ಲೈಟು ಮಬ್ಬು. ಪ್ಲಾಸ್ಟಿಕ್ಕು ಹಳದಿಯಾಗಿಬಿಟ್ಟಿದೆ, ಬೆಳಕು ಹೊರಗೇ ಬರ್ತಿಲ್ಲ" ಅಂದ.

"ಅಯ್ಯೋ, ಕೊಳ್ಳೋವಾಗ ಚೆನ್ನಾಗಿತ್ತಲ್ಲ!"

"ಯಾವಾಗ ಕೊಂಡಿದ್ದು?"

"ಜೂನ್‌ನಲ್ಲಿ."

ಅವನು ಬರೆಯೋದು ನಿಲ್ಲಿಸಿ ನನ್ನ ಮುಖ ನೋಡಿದ. ಜೂನ್‌ನಲ್ಲಿ ಇಲ್ಲಿ ರಾತ್ರಿ ಹತ್ತು ಗಂಟೆಗೂ ಅಂಗಳದಲ್ಲಿ ಕೂತು ಅಕ್ಕಿ ಆರಿಸಬಹುದು. ಲೈಟು ಹತ್ತಿದೆಯೋ ಇಲ್ಲವೋ ಅಂತ ಯಾವ ಪುಣ್ಯಾತ್ಮ ನೋಡ್ತಾನೆ?

"ಸರಿ, ಡಿಸೆಂಬರ್‌ನಲ್ಲಿ? ಆಗ ಮೂರು ಗಂಟೆಗೇ ಕತ್ತಲು. ರಸ್ತೆ ಮಬ್ಬಾಗಿ ಕಾಣ್ತಿರಲಿಲ್ವಾ?"

"ಕಾಣ್ತಿತ್ತು. ಅದಕ್ಕೇ ಹೊಸ ಕನ್ನಡಕ ಹಾಕಿಸ್ಕೊಂಡೆ" ಅಂದೆ.

ಲವಂಗದ ಪೇಸ್ಟು

ನಮ್ಮನೆಯವರು ವಿದ್ಯುತ್ ಇಂಜಿನಿಯರು. ಲೈಟಿನ ವಿಷಯ ಅವರನ್ನ ಬಿಟ್ಟು ಇನ್ಯಾರಿಗೆ ಗೊತ್ತಿರಬೇಕು ಅಂತ ಕೇಳಿದರೆ, ಲ್ಯಾಪ್‌ಟಾಪಿಂದ ತಲೆ ಎತ್ತದೆ ತೀರ್ಪು ಕೊಟ್ಟರು: "ಹೊಸ ಲೈಟು ಹಾಕ್ಸೋ ದುಡ್ಡಿಗೆ ಇನ್ನೊಂದು ಇಂಥದ್ದೇ ಡಕೋಟಾ ಬರುತ್ತೆ. ಗುಜರಿಗೆ ಹಾಕು."

"ಹಾಕಲ್ಲ. ನಾನೇ ಉಜ್ಜಿ ಸರಿ ಮಾಡ್ತೀನಿ."

"ಆಯ್ತಮ್ಮ. ಒಂದು ತಿಂಗಳಲ್ಲಿ ಪಾಸಾದ್ರೆ ಕಾರು ನಿಂದು. ಆಗ್ಲಿಲ್ಲ ಅಂದ್ರೆ ಗುಜರಿಯವರಿಗೆ ನಾನೇ ಫೋನ್ ಮಾಡ್ತೀನಿ. ಆಗ ಕಣ್ಣೀರು ಹಾಕ್ಬಾರದು."

ಹೂಂ ಅಂದುಬಿಟ್ಟೆ.

ಊರಿನ ಕನ್ನಡದವರ ವಾಟ್ಸಾಪ್ ಗುಂಪಲ್ಲಿ ಕೇಳಿದೆ. ಮನೆಬಾಡಿಗೆ ಬಗ್ಗೆ ಕೇಳಿದಾಗ ಒಬ್ಬರೂ ಉಸಿರೆತ್ತಿರಲಿಲ್ಲ, ಇದಕ್ಕೆ ಅರ್ಧ ಗಂಟೇಲಿ ಎಲ್ಲರೂ ವೈದ್ಯರಾದರು. ಒಬ್ಬರು ಹುಣಸೆಹಣ್ಣು ಅಂದರು, ಇನ್ನೊಬ್ಬರು ಅಡುಗೆ ಸೋಡಾ, ಮತ್ತೊಬ್ಬರು ವಿಭೂತಿ. ಕೊನೆಗೆ ಗೆದ್ದಿದ್ದು ಹಲ್ಲುಜ್ಜೋ ಪೇಸ್ಟು. ನಮ್ಮಮ್ಮ ಬೆಂಗಳೂರಿಂದ ಕಳಿಸಿದ್ದ ಲವಂಗದ ಪೇಸ್ಟು ಮನೇಲಿತ್ತು. ಒಂದು ಹಳೇ ಬ್ರಷ್ಷು, ಒಂದು ಬಟ್ಟೆ ತಗೊಂಡು ಕೆಳಗಿಳಿದೆ.

ಒಂಬತ್ತು ವರ್ಷದ ಮಗಳು ಜೊತೆಗೆ ಬಂದಳು. ಕೈಯಲ್ಲಿ ದಂತವೈದ್ಯರು ಮಕ್ಕಳಿಗೆ ಕೊಡೋ ಮರಳು ಗಡಿಯಾರ. ಬಾನೆಟ್ ಮೇಲೆ ಇಟ್ಟು, "ಎರಡು ನಿಮಿಷ, ಮಮ್ಮಾ. ರೌಂಡ್ ರೌಂಡ್ ಆಗಿ ಮಾಡ್ಬೇಕು, ಜೋರಾಗಿ ಒತ್ಬಾರ್ದು" ಅಂತ ಸ್ವೀಡಿಷಲ್ಲಿ ಉಪದೇಶ ಮಾಡಿದಳು. ನಾನು ಕನ್ನಡದಲ್ಲಿ ಗದರಿಸಿದೆ, ಅವಳು ಸ್ವೀಡಿಷಲ್ಲೇ ತಿರುಗಿ ಗದರಿಸಿದಳು. ಕಂಡವರ ಮಕ್ಕಳಿಗೆಲ್ಲ ಕನ್ನಡ ಕಲಿಸ್ತೀನಿ, ನನ್ನ ಹೊಟ್ಟೇಲಿ ಹುಟ್ಟಿದ್ದು ಹೀಗೆ.

ಆದರೂ ಲೈಟು ಫಳಫಳ ಅಂತು! ಖುಷಿಗೆ ಒಂದು ಸುತ್ತು ಹೋಗಿ ಪೆಟ್ರೋಲ್ ಹಾಕಿಸಿಕೊಂಡು ಬರೋಣ ಅಂತ ಕೀಲಿ ತೆಗೆದೆ. ಮಗಳು ದಾರಿಗೆ ಅಡ್ಡ ನಿಂತಳು. ಈ ಸಲ ನನಗೆ ಸರಿಯಾಗಿ ಮುಟ್ಟಲಿ ಅಂತ ಕನ್ನಡದಲ್ಲೇ ಹೇಳಿದಳು: "ಇಲ್ಲ ಅಮ್ಮ. ಬ್ರಷ್ ಮಾಡಿದ್ಮೇಲೆ ಏನೂ ಕುಡಿಸ್ಬಾರ್ದು."

ಟಬ್ಬಿನ ಕಾನೂನು

ಲೈಟೇನೋ ಹೊಳೀತು, ಬಂಪರ್ ತುಂಬ ನೊರೆ. ಒಂದು ಬಕೆಟ್ ನೀರು ತಂದು ಸುರಿಯೋಕೆ ಎತ್ತಿದ್ದೆ ಅಷ್ಟೇ, ಹಿಂದಿನಿಂದ ಗಂಟಲು ಸರಿಮಾಡಿಕೊಂಡ ಸದ್ದಾಯ್ತು.

ಮೂರನೇ ಮಹಡಿಯ ತಾತ. ರಿಟೈರಾದವರು, ಒಬ್ಬರೇ ಇರ್ತಾರೆ. ನಮ್ಮ ಕಟ್ಟಡದ ಸಂಘದ ಸಮಿತೀಲಿ ಇದ್ದಾರೆ. ನಿಯಮದ ಪುಸ್ತಕ ಪೂರ್ತಿ ಓದಿರೋರು ಇಡೀ ಕಟ್ಟಡದಲ್ಲಿ ಇವರೊಬ್ಬರೇ. ಇಲ್ಲಿ ರಾಜನನ್ನ ಬಿಟ್ಟು ಎಲ್ಲರಿಗೂ 'ನೀನು' ಅನ್ನೋದೇ ಪದ್ಧತಿ. ಆದರೆ ಅವರ ಬಿಳಿ ಹುಬ್ಬು ನೋಡಿದರೆ ಏಕವಚನ ನನ್ನ ಗಂಟಲಲ್ಲೇ ಸಿಕ್ಕಿಕೊಳ್ಳುತ್ತೆ.

"ಕಾರು ತೊಳೀತಾ ಇದ್ದೀರಾ?" ಅಂದರು. ಅಂಗಳದಲ್ಲಿ ಕಾರು ತೊಳೆಯೋ ಹಾಗಿಲ್ಲ. ಕೊಳೆನೀರು ಮೋರಿ ಸೇರಿ, ಅಲ್ಲಿಂದ ಕೆರೆ ಸೇರುತ್ತೆ.

"ಇಲ್ಲ ಇಲ್ಲ, ತೊಳೀತಿಲ್ಲ" ಅಂದೆ ಗಾಬರಿಯಲ್ಲಿ. "ಬರೀ ಬಾಯಿ ಮುಕ್ಕಳಿಸ್ತಿದ್ದೀನಿ."

ತಾತ ಬಗ್ಗಿ ಮೂಸಿ ನೋಡಿದರು. "ಕ್ರಿಸ್‌ಮಸ್ ವಾಸನೆ ಬರ್ತಿದೆ" ಅಂದರು. ಇಲ್ಲಿ ಆ ಹಬ್ಬದ ಬಿಸ್ಕತ್ತಿಗೆಲ್ಲ ಲವಂಗ ಹಾಕ್ತಾರೆ. ಆಮೇಲೆ ಎದ್ದು ಒಳಗೆ ಹೋದರು. ದೂರು ಬರೆಯೋಕೆ ಹೋದರು ಅಂದುಕೊಂಡೆ. ವಾಪಸ್ ಬಂದರು, ಕೈಯಲ್ಲಿ ಒಂದು ಪ್ಲಾಸ್ಟಿಕ್ ಟಬ್ಬು, ಮಡಿಸೋ ಕುರ್ಚಿ, ಫ್ಲಾಸ್ಕಲ್ಲಿ ಕಾಫಿ, ಎರಡು ಲೋಟ. ಟಬ್ಬು ಬಂಪರ್ ಕೆಳಗಿಟ್ಟು, ಕುರ್ಚಿ ಹಾಕಿ ಕೂತು, ಒಂದು ಹನಿ ಆಚೆ ಬಿದ್ದರೂ ಬೆರಳು ತೋರಿಸಿದರು. ನಾನು ಒರೆಸಿದೆ. ಮುಗಿದಮೇಲೆ ನನಗೂ ಒಂದು ಲೋಟ ಕಾಫಿ ಬಗ್ಗಿಸಿ ಕೊಟ್ಟರು. ಕಾಫಿ ಕುಡೀತಾ ಶಾಂತವಾಗಿ ಅಂದರು, "ಪೇಸ್ಟಿನ ಹೊಳಪು ಒಂದು ವಾರ ಇರುತ್ತೆ. ಮತ್ತೆ ಹಳದಿ. ಉಪ್ಪುಕಾಗದದಲ್ಲಿ ಉಜ್ಜಿ, ಪಾಲಿಶ್ ಹಾಕಿ, ಮೇಲೆ ಬಿಸಿಲು ತಡೆಯೋ ಲೇಪ ಬಳಿಬೇಕು."

ನನ್ನ ರಟ್ಟೆ ಬಿದ್ದುಹೋಗಿತ್ತು. "ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ?" ಅಂತ ಹೆಚ್ಚುಕಮ್ಮಿ ಕಿರುಚಿದೆ.

"ನೀವು ಕೇಳಲಿಲ್ಲವಲ್ಲ" ಅಂದರು.

ಡಬ್ಬಿ ಮುಚ್ಚಳ

ವಾರ ತುಂಬೋದರೊಳಗೆ ಲೈಟು ಮತ್ತೆ ಕಾಮಾಲೆ ರೋಗಿ ಆಯ್ತು. ಅಂಗಡಿಗೆ ಹೋಗಿ ಮೂರು ನಮೂನೆ ಉಪ್ಪುಕಾಗದ, ಪಾಲಿಶ್ಶು, ಲೇಪದ ಬಾಟಲಿ ತಂದೆ.

"ಮೊದಲು ಬೇರೆ ಯಾವುದಾದ್ರೂ ಪ್ಲಾಸ್ಟಿಕ್ ಮೇಲೆ ಪ್ರಾಕ್ಟೀಸ್ ಮಾಡು" ಅಂದರು ನಮ್ಮನೆಯವರು. ಜನ್ಮಕ್ಕೊಂದು ಸಲ ಸರಿಯಾದ ಮಾತು ಆಡಿದರು. ಮನೇಲಿ ಹಳದಿ ಪ್ಲಾಸ್ಟಿಕ್ಕಿಗೆ ಏನು ಬರ? ಅವರದೇ ಊಟದ ಡಬ್ಬಿ ಇತ್ತು. ಎಂಟು ವರ್ಷದ ಸಾರು, ಹುಳಿ, ಪಲ್ಯದ ಅರಿಶಿನ ಹಿಡಿದು ಮುಚ್ಚಳ ಹೋಳಿಗೆ ಬಣ್ಣಕ್ಕೆ ತಿರುಗಿತ್ತು.

ಮೊದಲನೇ ಕಾಗದದಲ್ಲಿ ಉಜ್ಜಿದ ಕೂಡಲೇ ಮುಚ್ಚಳ ಮಜ್ಜಿಗೆ ಥರ ಬೆಳ್ಳಗಾಯ್ತು. "ಹಾಳು ಮಾಡಿದೆ" ಅಂದರು. ಎರಡನೇದಕ್ಕೆ ಸ್ವಲ್ಪ ತಿಳಿಯಾಯ್ತು. ಮೂರನೇದು, ಪಾಲಿಶ್ಶು ಆಗೋ ಹೊತ್ತಿಗೆ ಗಾಜಿನಷ್ಟು ತಿಳಿ! ಬೆಳಗ್ಗೆ ತಿಂಡಿ ತುಂಬಿ ಕಳಿಸಿದೆ. ಸಂಜೆ ಡಬ್ಬಿ ಹಾಗೇ ವಾಪಸ್ ಬಂತು.

"ಯಾಕ್ರೀ ತಿಂದಿಲ್ಲ?"

"ದಿನಾ ಮುಚ್ಚಳ ತೆಗೆದ್ಮೇಲೆ ಗೊತ್ತಾಗ್ತಿತ್ತು, ವಿಧಿಯಿಲ್ಲದೆ ತಿಂತಿದ್ದೆ. ಇವತ್ತು ಉಪ್ಪಿಟ್ಟು ಅಂತ ಹೊರಗಿಂದಲೇ ಕಾಣಿಸ್ತು" ಅಂದರು.

ಸರದಿ ಆರು

ಗಡುವಿನ ಕೊನೇ ದಿನ ಸೋಮವಾರ. ಬೆಳಗ್ಗೆ ಎಂಟಕ್ಕೆ ತಪಾಸಣೆ. ಭಾನುವಾರ ಹೇಗಾದರೂ ಲೈಟು ಮುಗಿಸಲೇಬೇಕು. ಅವತ್ತೇ ನಮ್ಮ ಕಟ್ಟಡದ ಶ್ರಮದಾನ. ವರ್ಷಕ್ಕೆರಡು ಸಲ ಎಲ್ಲರೂ ಸೇರಿ ಎಲೆ ಗುಡಿಸಿ, ಬೆಂಚಿಗೆ ಬಣ್ಣ ಬಳಿದು, ಕೊನೆಗೆ ಕಾಫಿ ಬನ್ನು ತಿನ್ನೋ ದಿನ. ಚಳಿಗಾಲದಲ್ಲಿ ಮಂಜಿಗೆ ಯಾರೂ ಜಾರದಿರಲಿ ಅಂತ ಹಾಕಿದ್ದ ಜಲ್ಲಿ ಗುಡಿಸಬೇಕು ಅಂತ ಅಂಗಳ ಖಾಲಿ ಮಾಡಿಸಿದ್ದರು.

"ನಿನ್ನ ಕಾರು ಹಿಂದುಗಡೆ ನಿಲ್ಲಿಸಿದೀನಿ" ಅಂದರು ನಮ್ಮನೆಯವರು. ಹಿಂದೆ ಹೋದೆ. ಬರ್ಚ್ ಮರದ ಪಕ್ಕ ನಿಂತಿತ್ತು ನನ್ನ ಬಂಗಾರ, ಹಳದಿ ಕಣ್ಣು ಬಿಟ್ಟುಕೊಂಡು.

ಸುತ್ತ ಟೇಪ್ ಅಂಟಿಸಿದೆ. ಕೆಳಗೆ ಟಬ್ಬಿಟ್ಟೆ. ನೀರು ಚಿಮುಕಿಸಿ ಉಜ್ಜಿದೆ ಉಜ್ಜಿದೆ, ಎರಡು ಗಂಟೆ ಉಜ್ಜಿದೆ. ನಡುವೆ ಮೂರನೇ ಮಹಡಿ ತಾತ ಬಂದರು, ಕೈಕಟ್ಟಿ ನಿಂತು ನೋಡಿದರು, "ಬಹಳ ಅಚ್ಚುಕಟ್ಟು" ಅಂದರು. ಹೋಗಿ ಕಾಫಿ ತಂದುಕೊಟ್ಟರು. ಇನ್ನೂ ಇಬ್ಬರು ಮೂವರು ಬಂದು ನೋಡಿ, ತಲೆ ಆಡಿಸಿ, ಏನೋ ಪಿಸುಗುಟ್ಟಿ ಹೋದರು. ನಾನು ಮುಖ ಎತ್ತಲಿಲ್ಲ. ಲೇಪ ಬಳಿದು ಟೇಪ್ ಕಿತ್ತೆ. ಆಹಾ, ಹಸುಗೂಸಿನ ಕಣ್ಣು!

ಲೈಟು ಹತ್ತೋದನ್ನ ಕಣ್ತುಂಬ ನೋಡೋಣ ಅಂತ ಕೀಲಿ ಒತ್ತಿದೆ. ಹತ್ತಲಿಲ್ಲ. ಇನ್ನೊಂದು ಸಲ ಒತ್ತಿದೆ. ಸಾಲಿನ ಆ ತುದೀಲಿ, ಒಂದು ವ್ಯಾನಿನ ಮರೆಯಲ್ಲಿ, ಇಂಥದ್ದೇ ಬೂದು ಕಾರು ಹಳದಿ ಕಣ್ಣು ಮಿಟುಕಿಸಿತು.

ನಂಬರ್ ಪ್ಲೇಟು ಎರಡು ಗಂಟೆ ನನ್ನ ಮೂಗಿನ ಕೆಳಗೇ ಇತ್ತು. ಆದರೆ ನೀವೇ ಹೇಳಿ, ಮನೆಯವರ ಮುಖ ಯಾರು ದಿಟ್ಟಿಸಿ ನೋಡ್ತಾರೆ?

"ಇದು ಯಾರ ಕಾರು?" ಅಂದೆ.

"ನಂದು" ಅಂದರು ಖಾಲಿ ಲೋಟ ತಗೊಳ್ಳೋಕೆ ಬಂದಿದ್ದ ತಾತ.

"ನಾನು ಉಜ್ಜೋದನ್ನ ನೋಡ್ತಾ ನಿಂತಿದ್ರಲ್ಲ! ಒಂದು ಮಾತು ಹೇಳಬಾರದಿತ್ತಾ?"

"ಅವತ್ತು ನಾನು ಕಾಫಿ ಕೊಟ್ಟಿದ್ದೆ. ಅದಕ್ಕೆ ಪ್ರತಿಯಾಗಿ ಮಾಡ್ತಿದ್ದೀರಿ ಅಂದುಕೊಂಡೆ. ಸ್ವಲ್ಪ ಜಾಸ್ತಿಯಾಯ್ತು ಅನ್ನಿಸ್ತು. ಅದಕ್ಕೇ ಇವತ್ತು ಇನ್ನೊಂದು ಕಾಫಿ ತಂದೆ" ಅಂದರು. "ಶ್ರಮದಾನದ ಪಟ್ಟೀಲೂ ನಿಮ್ಮ ಹೆಸರು ಸೇರಿಸಿದ್ದೀನಿ."

ಓಡಿಹೋಗಿ ಪಟ್ಟಿ ನೋಡಿದೆ. ಎಲೆ ಗುಡಿಸೋದು, ಬೆಂಚು, ಸೈಕಲ್ ಕೋಣೆ. ಕೊನೇಲಿ 'ಹೆಡ್‌ಲೈಟು', ಎದುರಿಗೆ ನನ್ನ ಹೆಸರು. ಅದರ ಕೆಳಗೆ ಸಾಲಾಗಿ ಐದು ಜನ ತಮ್ಮ ತಮ್ಮ ಕಾರಿನ ನಂಬರ್ ಬರೆದು ಹೋಗಿದ್ದರು.

ನನಗೆ ಅಳುವೇ ಬಂತು. ನಾಳೆ ಬೆಳಗ್ಗೆ ಎಂಟಕ್ಕೆ ತಪಾಸಣೆ, ಇಲ್ಲದಿದ್ದರೆ ಗುಜರಿ, ಗುಜರಿಯಾದರೆ ಮತ್ತೆ ಬಸ್ಸು ಅಂತ ತಾತನ ಮುಂದೆ ಎಲ್ಲಾ ಕಕ್ಕಿದೆ. ಅವರು ಗಂಭೀರವಾಗಿ ಕೇಳಿ, ಜೇಬಿಂದ ಪೆನ್ನು ತೆಗೆದು ಕೊಟ್ಟರು. ನಾನೂ ಬರೆದೆ. ನನ್ನ ಕಾರಿನ ಸರದಿ ಆರು.

ಈ ದೇಶದಲ್ಲಿ ಪ್ರಾಣ ಬೇಕಾದರೂ ಕೊಡ್ತಾರೆ, ಸರದಿ ಮುರಿಯಲ್ಲ. ಒಂದು ಕಾರಿಗೆ ಎರಡು ಗಂಟೆ. ಆರನೇದು ಬರೋ ಹೊತ್ತಿಗೆ ಸೂರ್ಯ ಇರಲ್ಲ, ಬಿಸಿಲಿಲ್ಲದೆ ಲೇಪ ಒಣಗಲ್ಲ. ತಾತ ಎಲ್ಲರನ್ನೂ ಧ್ವಜಸ್ತಂಭದ ಕೆಳಗೆ ಕರೆದು ಸಭೆ ಮಾಡಿದರು. ಒಬ್ಬೊಬ್ಬರ ಅಭಿಪ್ರಾಯ ಕೇಳಿದರು. ಬನ್ನು ತಿಂದರು. "ನನ್ನ ವಿರೋಧ ಏನಿಲ್ಲ, ಆದರೆ ಇದೇ ರೂಢಿಯಾಗಬಾರದು" ಅಂದರು ಎರಡನೇ ಸರದಿಯ ಹೆಂಗಸು. ಮುಕ್ಕಾಲು ಗಂಟೆ ಚರ್ಚೆಯಾಗಿ, ಇದೊಂದು ಸಲಕ್ಕೆ ಮಾತ್ರ ಆರು ಮೊದಲಾಗಬಹುದು ಅಂತ ತೀರ್ಮಾನವಾಯ್ತು. ಅಷ್ಟು ಹೊತ್ತಲ್ಲಿ ನಾನು ಒಂದು ಲೈಟು ಮುಗಿಸಿರ್ತಿದ್ದೆ.

ಆಮೇಲೆ ಮಾತ್ರ ನೋಡಬೇಕಿತ್ತು. ಐದೂ ಜನ ಕೆಲಸ ಕಲೀತೀವಿ ಅಂತ ಅಂಗಿ ತೋಳು ಮಡಚಿ ನಿಂತರು. ನನಗೆ ಕೈಯಿಡೋಕೂ ಬಿಡಲಿಲ್ಲ, ನಾನು ಬರೀ ಮೇಷ್ಟ್ರು. ತಾತ ಟಬ್ಬು ಹಿಡಿದರು. ನಾಲ್ಕು ಗಂಟೆಗೆ ಲೇಪ ಒಣಗಿ, ನನ್ನ ಕಾರು ಮದುಮಗಳ ಹಾಗೆ ಹೊಳೀತಿತ್ತು. ಅವರೆಲ್ಲರನ್ನೂ ತಬ್ಬಿಕೊಳ್ಳಬೇಕು ಅನ್ನಿಸ್ತು. ಇಲ್ಲಿ ಹಾಗೆಲ್ಲ ತಬ್ಬಿಕೊಂಡರೆ ಅದಕ್ಕೂ ಸಭೆ ಕರೀಬೇಕಾಗುತ್ತೆ ಅಂತ ಸುಮ್ಮನಾದೆ.

ಸೋಮವಾರ ಅದೇ ಗಡ್ಡದ ಹುಡುಗ. ಲೈಟಿನ ಮುಂದೆ ಯಂತ್ರ ಇಟ್ಟ. ನಾನು ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಅವನು ಯಂತ್ರ ನೋಡಿದ, ಲೈಟು ನೋಡಿದ, ನನ್ನ ನೋಡಿ ನಕ್ಕ. "ಪಾಸ್."

ಕಾರಲ್ಲಿ ಕೂತು ಸ್ಟಿಯರಿಂಗ್ ಹಿಡಿದು ಚೆನ್ನಾಗಿ ಅತ್ತೆ. ಕಣ್ಣೊರೆಸಿಕೊಂಡು ಮನೆಗೆ ಫೋನ್ ಮಾಡಿದೆ.

"ಪಾಸಾಯ್ತು ಕಣ್ರೀ!"

ಆ ಕಡೆಯಿಂದ ಮೆಲ್ಲಗೆ, "ಪಾಸಾಯ್ತಾ? ಛೆ... ಅಲ್ಲ, ಒಳ್ಳೇದಾಯ್ತು. ಆದ್ರೆ ಒಂದು ಎಡವಟ್ಟಾಗಿದೆ. ಹೇಗೂ ಫೇಲಾಗುತ್ತೆ ಅಂತ ನಾನು ಶುಕ್ರವಾರವೇ ಗುಜರಿಯವರಿಗೆ ಹೇಳ್ಬಿಟ್ಟಿದ್ದೆ. ಹತ್ತು ಗಂಟೆಗೆ ಮನೆ ಹತ್ರ ಬರ್ತಿದಾರೆ. ಈಗ ಏನಂತ ವಾಪಸ್ ಕಳಿಸ್ಲಿ?"

"ವಾಪಸ್ ಯಾಕೆ ಕಳಿಸ್ತೀರಿ, ಪಾಪ?" ಅಂದೆ. "ಮನೆ ಬಾಗಿಲಿಗೆ ಬಂದೋರನ್ನ ಬರಿಗೈಲಿ ಕಳಿಸಬಾರದು. ನೀವೇ ಒಂದು ಒಳ್ಳೇ ಶರ್ಟ್ ಹಾಕ್ಕೊಂಡು ಕೆಳಗೆ ನಿಂತ್ಕೊಳ್ಳಿ."