ಕೋದಂಡಪ್ಪ ತೆಗೆದ ಮಸಿಕಲೆ

"ಕಂಬಳಿಯೊಳಗೆ ಅವಿತ ಚಿನ್ನಾನೇ ಹೊರಗೆಳೆದ ಕೈ ಕಣೇ ಇದು! ಒಂದು ಮಸಿಕಲೆ ಇದರ ಮುಂದೆ ಎಷ್ಟೊತ್ತು ನಿಂತೀತು?"

ಊರಿಗಾಂನ ಗಣಿ ಕೂಲಿಗಳ ಲೈನ್ ಮನೆಯ ಅಂಗಳದಲ್ಲಿ ಪಂಚೆ ಎತ್ತಿಕಟ್ಟಿ ಕೋದಂಡಪ್ಪ ಹೀಗೆ ಗುಡುಗಿದ್ದು ಬರೀ ಬಡಾಯಿಯಲ್ಲ. ಚಿನ್ನದ ಗಣಿಯ ಮಿಲ್ಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಆತನ ಕೆಲಸವೇ ಕಂಬಳಿ ತೊಳೆಯುವುದು. ಕಲ್ಲನ್ನು ಹಿಟ್ಟು ಮಾಡಿ, ನೀರು ಕೂಡಿಸಿ, ಇಳಿಜಾರು ಹಲಗೆಗೆ ಹಾಸಿದ ಕಂಬಳಿಗಳ ಮೇಲೆ ಹರಿಸುತ್ತಿದ್ದರು. ಹಗುರವಾದ ಕಲ್ಲು ಜಾರಿ ಹೋಗುತ್ತಿತ್ತು, ಭಾರವಾದ ಚಿನ್ನ ಉಣ್ಣೆಯ ಎಳೆಗಳಲ್ಲಿ ಕೂತುಬಿಡುತ್ತಿತ್ತು. ಆ ಕಂಬಳಿಯನ್ನು ತೊಟ್ಟಿಯಲ್ಲಿ ಜಾಲಾಡಿ ಚಿನ್ನ ಬಿಡಿಸುವುದರಲ್ಲಿ ಕೋದಂಡಪ್ಪನನ್ನು ಮೀರಿಸುವವರಿಲ್ಲ ಎಂದು ಎಲ್ಲ ಕಡೆ ಹೇಳಿಕೊಂಡು ಬಂದಿದ್ದವನು ಕೋದಂಡಪ್ಪನೇ.

ಆದರೆ ಈಗ ಎದುರಿಗೆ ಬಿದ್ದಿದ್ದದ್ದು ಮಿಲ್ಲಿನ ಕಂಬಳಿಯಲ್ಲ. ಗಣಿಯ ಬಿಳಿ ದೊರೆಯ ಬಂಗಲೆಯ ರತ್ನಗಂಬಳಿ!

ಅದು ಬಂದದ್ದು ಮಗಳು ರತ್ನಮ್ಮನ ನಿಶ್ಚಿತಾರ್ಥಕ್ಕೆ. ಹೆಂಡತಿ ಚಿಕ್ಕವೆಂಕಟಮ್ಮನ ತಮ್ಮ ಮುನಿಶಾಮಿ ದೊರೆಯ ಬಂಗಲೆಯಲ್ಲಿ ಬಟ್ಲರು. ದೊರೆ, ದೊರೆಸಾನಿ ಇಬ್ಬರೂ ಮದರಾಸಿಗೆ ಹೋಗಿದ್ದೇ ತಡ, ಅಕ್ಕನ ಮನೆಯ ಮರ್ಯಾದೆ ಹೆಚ್ಚಿಸಲು ಗಂಬಳಿಯನ್ನು ಗೋಣಿಯಲ್ಲಿ ಸುತ್ತಿ ಎತ್ತಿನ ಗಾಡಿಗೆ ಹಾಕಿಕೊಂಡು ಬಂದಿದ್ದ.

"ಬಾವ, ಭಾನುವಾರ ಸಾಯಂಕಾಲದ ರೈಲಿಗೆ ದೊರೆ ಬತ್ತಾರೆ. ಅಷ್ಟೊತ್ತಿಗೆ ಇದು ಬಂಗ್ಲೆ ಸೇರಬೇಕು. ಇಲ್ಲಾಂದ್ರೆ ನನ್ನ ಕೆಲಸ ಓದಂಗೇ!"

ಹಾಸಿ ನೋಡಿದರೆ ಗಂಬಳಿಯೇ ಮನೆಗಿಂತ ದೊಡ್ಡದು! ಎರಡು ಕಡೆ ಗೋಡೆ ಹತ್ತಿ ಮೊಣಕಾಲೆತ್ತರಕ್ಕೆ ನಿಂತಿತು. ಕೆಂಪು ನೆಲ, ಹೊನ್ನಿನ ಬಳ್ಳಿ, ಬಳ್ಳಿಯ ತುಂಬಾ ಹಸಿರು ಗಿಳಿ. ದಿನಾ ಚಿನ್ನದ ಕೆಸರಲ್ಲಿ ಕೈಯಾಡಿಸುವ ಕೋದಂಡಪ್ಪನೇ ಪಂಚೆಗೆ ಕೈ ಒರೆಸಿಕೊಂಡು ಅದನ್ನು ಮುಟ್ಟಿದ. ಪಕ್ಕದ ಮನೆಯ ಪೆದ್ದಮ್ಮ ಸೆರಗಿನಿಂದ ಪಾದ ಒರೆಸಿಕೊಂಡು ಬಂದವಳು, ಕಾಲಿಡಲು ಧೈರ್ಯ ಸಾಲದೆ ಹೊಸ್ತಿಲ ಮೇಲೇ ಕೂತಳು.

"ಗಿಳಿ ಐತಲ್ಲೇ ತಾಯಿ! ತುಳಿದ್ರೆ ಕಿರ್ ಅನ್ನಲ್ವಾ?"

ಒಂದು ಮೂಲೆಯಲ್ಲಿ ಮಾತ್ರ ಅಂಗೈಯಗಲದ ಹಳೇ ಮಸಿಕಲೆ ಇತ್ತು. ಚಿಕ್ಕವೆಂಕಟಮ್ಮ ಅದರ ಮೇಲೆ ತುಂಬಿದ ಕೊಡ ಇಟ್ಟು ಮುಚ್ಚಿದಳು.

ಬೂದಿಕೋಟೆಯಿಂದ ಬಂದ ಬೀಗರು ಕದಿರಪ್ಪನವರು ಬಾಯಿತುಂಬಾ ತಕರಾರು ತುಂಬಿಕೊಂಡೇ ಬಂದಿದ್ದರು. ಗಂಬಳಿ ಕಂಡದ್ದೇ ಎಲ್ಲ ನುಂಗಿಕೊಂಡು, ಅದರ ಅಂಚಿನಲ್ಲಿ ಮುದುರಿ ಕೂತು, "ನಿಮ್ಮಿಷ್ಟದಂಗೇ ಆಗ್ಲಿ" ಎಂದುಬಿಟ್ಟರು!

ಅಲ್ಲಿಗೆ ಮುಗಿಸಬಾರದೆ? ಲಗ್ನಪತ್ರಿಕೆಯನ್ನು ತಾನೇ ಬರೆಯುತ್ತೇನೆಂದು ಕೋದಂಡಪ್ಪ ಹಟ ಹಿಡಿದ. ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಬಂಗಾರಪೇಟೆಯ ಅಂಗಡಿ ಬೋರ್ಡುಗಳನ್ನು ನೋಡಿ ನೋಡಿಯೇ ಅಕ್ಷರ ಕಲಿತ ಗಂಡು! ಬರೆದದ್ದೇನೋ ಮುತ್ತಿನಂತೆ ಬರೆದ. ಕೊನೆಗೆ ಹೆಸರು ಬರೆದು, ಅದರ ಕೆಳಗೆ ಒಂದು ಬಾಲ ಎಳೆದ ನೋಡಿ, ಜೋಡೆತ್ತಿನ ಗಾಡಿ ತಿರುವಿನಲ್ಲಿ ಹೊರಳಿದಂತೆ ಮೊಣಕೈ ಹೊರಳಿ, ಮಸಿಯ ಸೀಸೆ ದಬ್! ರಾಗಿರೊಟ್ಟಿಯಷ್ಟಗಲ ನೀಲಿ! ಚಿಕ್ಕವೆಂಕಟಮ್ಮ ಕಣ್ಣು ಮಿಟುಕಿಸುವುದರೊಳಗೆ ತಾಂಬೂಲದ ತಟ್ಟೆಯನ್ನು ಅದರ ಮೇಲೆ ಸರಿಸಿದಳು. ಬೀಗರು ನಗುನಗುತ್ತಾ ಬಸ್ಸು ಹತ್ತಿದರು.

ಮಾರನೆಯ ದಿನ ಶನಿವಾರ ಬೆಳಗ್ಗೆ ಕೋದಂಡಪ್ಪ, ಕತೆಯ ಮೊದಲಿಗೆ ಕೇಳಿದಿರಲ್ಲ, ಆ ಗುಡುಗು ಗುಡುಗಿದ. ಮಿಲ್ಲಿನಲ್ಲಿದ್ದಂತೆಯೇ ಬಾಗಿಲ ಹಲಗೆಗಳನ್ನು ಇಳಿಜಾರಾಗಿ ನಿಲ್ಲಿಸಿ, ಗಂಬಳಿ ಹೊದಿಸಿ, ಮೇಲಿನಿಂದ ಕೊಡಗಟ್ಟಲೆ ನೀರು ಬಿಟ್ಟ.

"ನೋಡ್ತಿರು, ಮಸಿ ಎಂಗೆ ಜಾರಿ ಓಗ್ತದೆ!"

ಜಾರಿತು. ಆದರೆ ಹೋಗಲಿಲ್ಲ! ಬೇತಮಂಗಲದ ಕೆರೆ ಕೋಡಿ ಬಿದ್ದ ಹಾಗೆ ನೀಲಿ ಹೊಳೆ ಮೇಲಿಂದ ಕೆಳತನಕ ಇಳಿದು, ದಾರಿಯಲ್ಲಿ ಸಿಕ್ಕ ಗಿಳಿಗಳನ್ನೆಲ್ಲ ಮುಳುಗಿಸಿತು.

ಆಗಲೇ ಬಂದ ಮುನಿಶಾಮಿ ತಲೆ ಮೇಲೆ ಕೈ ಹೊತ್ತು ಕುಕ್ಕರಿಸಿದ.

"ಅಯ್ಯೋ ಸಾಮಿ! ರೊಟ್ಟಿಯಷ್ಟಿತ್ತಲ್ಲ ಬಾವ, ಒಳೆ ಮಾಡಿದೀಯಲ್ಲ!"

"ಸುಮ್ಕಿರ್ಲಾ! ಇನ್ನೆರಡು ಕೊಡ ಬಿಟ್ರೆ..."

"ಇನ್ನೆರಡು ಕೊಡ ಬಿಟ್ರೆ ಬೀದಿಯೆಲ್ಲಾ ನೀಲಿ," ಎಂದಳು ಚಿಕ್ಕವೆಂಕಟಮ್ಮ. "ಮಿಲ್ಲಲ್ಲಿ ಅಗುರದ್ದು ಓಗ್ತದೆ, ಭಾರದ್ದು ಉಳೀತದೆ ಅಂದ್ರಿ. ಸರಿ. ಮಸಿಗೆ ಯಾರೇಳಿದ್ರು, ನೀನು ಅಗುರ ಅಂತ?"

ಆಮೇಲೆ ಅವಳೇ ಹುಳಿ ಮಜ್ಜಿಗೆ, ನಿಂಬೆಹಣ್ಣು, ಉಪ್ಪು, ಹಳೇ ಪಂಚೆಯ ತುಂಡು ಮುಂದಿಟ್ಟುಕೊಂಡು ಕೂತಳು. ಉಜ್ಜಲಿಲ್ಲ, ಜ್ವರದ ಮಗುವಿನ ಹಣೆಗೆ ಒದ್ದೆಬಟ್ಟೆ ಇಟ್ಟ ಹಾಗೆ ಒತ್ತಿದಳು, ಎತ್ತಿದಳು, ಒತ್ತಿದಳು. ಬಟ್ಟೆ ನೀಲಿಯಾಗುತ್ತಾ ಬಂತು, ಗಂಬಳಿ ಕೆಂಪಾಗುತ್ತಾ ಬಂತು. ಒಂದೊಂದೇ ಗಿಳಿ ಮುಳುಗಿದ ನೀರಿನಿಂದ ಮೇಲೆದ್ದು ರೆಕ್ಕೆ ಬಿಚ್ಚಿತು! ಕೋದಂಡಪ್ಪ ಬಾಯಿ ತೆರೆದು ನೋಡುತ್ತಾ ನಿಂತ. ಮೂವತ್ತು ವರ್ಷ ಮುದ್ದೆ ಬಡಿಸಿದ ಆ ಕೈಯಲ್ಲಿ ಇಂಥದ್ದೊಂದು ವಿದ್ಯೆ ಇತ್ತೆಂದು ಅವನಿಗೆ ಗೊತ್ತೇ ಇರಲಿಲ್ಲ.

ಹೊತ್ತು ಇಳಿಯುವುದರೊಳಗೆ ಕಲೆ ಮಾಯ. ಅವಳು ಕೈ ತೊಳೆಯಲು ಎದ್ದಳು. ಕೋದಂಡಪ್ಪನ ಕಣ್ಣು ಮೂಲೆಯ ಹಳೇ ಕಲೆಯ ಮೇಲೆ ಬಿತ್ತು.

"ಇದನ್ನೂ ತೆಗೆದುಬಿಡ್ತೀನಿ. ದೊರೆ ಬೆರಗಾಗಿ ಓಗ್ಲಿ!"

"ಬ್ಯಾಡಿ, ರತ್ನನಪ್ಪಾ. ಅದು ನಾವು ಹಾಕಿದ್ದಲ್ಲ."

"ನಾವು ಹಾಕದೇ ಇದ್ದದ್ದನ್ನ ತೆಗೆಯೋದೇ ದೊಡ್ಡತನ ಕಣೇ!"

ಉಳಿದ ಮಜ್ಜಿಗೆಯಲ್ಲಿ ಒತ್ತಿದ, ಎತ್ತಿದ. ಬೆನ್ನು ಮುರಿದರೂ ಬಿಡಲಿಲ್ಲ. ಕೊನೆಗೆ ಅದೂ ಹೋಯಿತು! ಭಾನುವಾರ ಕಾದ ಬಂಡೆಯ ಮೇಲೆ ಒಣಗಿಸಿ ಗಂಬಳಿಯನ್ನು ಬಂಗಲೆಗೆ ಸಾಗಿಸಿದರು. ದೊರೆ ಕೊಡುವ ಬಹುಮಾನಕ್ಕೆ ಯಾವ ಅಂಗಿ ಹಾಕಿಕೊಂಡು ಹೋಗುವುದೆಂದು ಕೋದಂಡಪ್ಪ ಯೋಚಿಸುತ್ತಲೇ ಇದ್ದ.

ಸೋಮವಾರ ಬೆಳಗ್ಗೆ ಮುನಿಶಾಮಿ ಏದುಸಿರು ಬಿಡುತ್ತಾ ಓಡಿಬಂದ.

"ಬಾವ, ನನ್ನ ಕತೆ ಮುಗೀತು! ಇದು ನಮ್ಮ ಗಂಬಳಿ ಅಲ್ಲ, ನಮ್ಮದನ್ನ ಮಾರಿ ಬೇರೆ ತಂದು ಹಾಕಿದೀಯ ಅಂತಾರೆ ದೊರೆಸಾನಿ. ಕಲೆ ಇರೋ ಗಂಬಳಿ ತಾ, ಇಲ್ಲಾ ಇವತ್ತೇ ಜಾಗ ಖಾಲಿ ಮಾಡು ಅಂತಾರೆ! ಅತ್ತು ಕಣ್ಣೆಲ್ಲಾ ಕೆಂಪಾಗೈತೆ."

"ಒಂದು ಕಲೆಗೆ ಅಳ್ತಾರೇನ್ಲಾ?"

"ಆಯಮ್ಮನ ಮಗಳು ಮೊದಲನೇ ಸಲ ಅಕ್ಷರ ಬರೆಯೋವಾಗ ಚೆಲ್ಲಿದ ಮಸೀನಂತೆ ಅದು. ಮಗು ಈಗ ಸಮುದ್ರದಾಚೆ ಓದ್ತಾ ಐತೆ. ದಿನಾ ಬೆಳಗ್ಗೆ ಆ ಕಲೆ ಮೇಲೆ ಕೈಯಾಡಿಸಿಯೇ ಕಾಫಿ ಮುಟ್ಟೋದು!"

ಕೋದಂಡಪ್ಪ ತಿರುಗಿ ಅಟ್ಟದ ಕಡೆ ನೋಡಿದ. ತಾನೂ ಹಾಗೆಯೇ, ಬೋರ್ಡು ನೋಡಿ ಮೊದಲು ಗೀಚಿದ ಹಲಗೆಯನ್ನು ಇವತ್ತಿಗೂ ಅಟ್ಟದ ಮೇಲೆ ಬಚ್ಚಿಟ್ಟಿದ್ದಾನೆ. ಹೆಂಡತಿಯನ್ನು ಕರೆದುಕೊಂಡು ಬಂಗಲೆಗೆ ನಡೆದ.

ನಡೆದದ್ದನ್ನೆಲ್ಲ ಕೈಮುಗಿದು ಒಪ್ಪಿಕೊಂಡ. ಮುನಿಶಾಮಿ ತನಗೆ ಬರುವ ತಮಿಳಿಗೆ ಅರ್ಧಂಬರ್ಧ ಇಂಗ್ಲಿಷ್ ಬೆರೆಸಿ ತಿಳಿಸಿದ. ದೊರೆಸಾನಿ ಗಂಬಳಿಯ ಗಿಳಿಗಳನ್ನು ನೋಡಿದಳು, ಚಿಕ್ಕವೆಂಕಟಮ್ಮನ ಬೆರಳುಗಳನ್ನು ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಕಣ್ಣೊರೆಸಿಕೊಂಡು ಒಳಗೆ ಹೋಗಿ, ಮಸಿಯ ಸೀಸೆ ತಂದು ಕೋದಂಡಪ್ಪನ ಮುಂದಿಟ್ಟು, ಮುನಿಶಾಮಿಗೆ ಏನೋ ಹೇಳಿದಳು.

"ಮುನಿಶಾಮಿಯ ಕೆಲಸ ಉಳೀತು, ಬಾವ," ಎಂದ ಮುನಿಶಾಮಿ, ಸಂತೋಷದಲ್ಲಿ ತನ್ನನ್ನೇ ಹೆಸರು ಹಿಡಿದು ಕರೆದುಕೊಂಡು. "ಆದ್ರೆ ತೆಗೆದವನೇ ತಿರುಗಿ ಹಾಕಬೇಕಂತೆ. ಅದೇ ಜಾಗದಲ್ಲಿ."

ಕೋದಂಡಪ್ಪ ಮೂಲೆಯಲ್ಲಿ ಮಂಡಿಯೂರಿದ. ಚಿನ್ನ ಬಿಡಿಸಿದ ಕೈ! ಸೀಸೆ ಬಗ್ಗಿಸಿದ. ಮತ್ತೆ ನೆಟ್ಟಗೆ ಮಾಡಿದ, ಹಣೆಯಿಂದ ಬೆವರು ತೊಟ್ಟಿಕ್ಕಿತು, ಮಸಿ ಮಾತ್ರ ಒಂದು ಹನಿಯೂ ಬೀಳಲಿಲ್ಲ. ಆ ಗಿಳಿಗಳ ಮೇಲೆ ಬೇಕೆಂದೇ ಮಸಿ ಹಾಕಲು ಮನಸ್ಸಾದರೂ ಹೇಗೆ ಬಂದೀತು?

ಚಿಕ್ಕವೆಂಕಟಮ್ಮ ಮುಂದೆ ಬಂದಳು.

"ಸುಮ್ಕೆ ಯಾಕೆ ಒದ್ದಾಡ್ತೀರಾ, ರತ್ನನಪ್ಪಾ? ಸೀಸೆ ಪಕ್ಕದಲ್ಲಿಟ್ಕೊಂಡು ಒಂದು ಸಲ ನಿಮ್ಮ ಹೆಸರು ಬರೀರಿ. ಅದೇ ಬೀಳ್ತದೆ!"

ಮುನಿಶಾಮಿ ಕಾಗದ ತರಲು ಓಡಿದ.