ಮೂರು ಅಂಕ ಕದ್ದವರು ಯಾರು?

ಲೆಕ್ಕದಲ್ಲಿ ನನ್ನನ್ನು ಏಮಾರಿಸುವವನು ಈ ಭೂಮಂಡಲದಲ್ಲಿ ಇನ್ನೂ ಹುಟ್ಟಿಲ್ಲ! ಕುಷ್ಟಗಿಯ ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷ ಗಣಿತ ಕಲಿಸಿ, ಅರ್ಧ ಅಂಕಕ್ಕೆ ಮಕ್ಕಳನ್ನು ಅಳಿಸಿದ ಮಾಸ್ತರ ನಾನು. ಮನೆ ಕಟ್ಟಲು ಬ್ಯಾಂಕಿನ ಸಾಲ ಕೇಳುವುದೆಂದು ನಿಶ್ಚಯವಾದ ದಿನವೇ ಹೆಂಡತಿಯ ಮುಂದೆ ಘೋಷಿಸಿದೆ:

"ನೋಡು ರೇಣುಕಾ, ಇನ್ನ ಮ್ಯಾಲ ನನ್ನ ಸಿಬಿಲ್ ಸ್ಕೋರ್ ಕಾಯೋದು ನನ್ನ ಜವಾಬ್ದಾರಿ. ಒಂದು ಅಂಕಾನೂ ಬಿಟ್ಟುಕೊಡಂಗಿಲ್ಲ!"

"ಅದೇನು ಹೊಲದಾಗಿನ ಬೆಳಿ ಏನ್ರಿ, ಕಾಯಾಕ?" ಎಂದಳು ರೇಣುಕಾದೇವಿ. ಮನೆಯಲ್ಲೇ ರವಿಕೆ ಹೊಲಿದು ನಾಲ್ಕು ಕಾಸು ಗಳಿಸುವವಳು; ನನ್ನ ಘೋಷಣೆಗಳಿಗೆ ಹೆದರುವವಳಲ್ಲ.

ತೆಗೆದುಕೊಂಡ ಸಾಲವನ್ನು ಮನುಷ್ಯ ನೆಟ್ಟಗೆ ತೀರಿಸುತ್ತಾನೋ ಇಲ್ಲವೋ ಎಂದು ತಿಳಿಯಲು ಬ್ಯಾಂಕಿನವರು ನೋಡುವ ಅಂಕ ಅದು. ಒಟ್ಟು ಒಂಬೈನೂರು. ಮೊಬೈಲಿನಲ್ಲಿ ನೋಡಿದರೆ ನನ್ನದು ಏಳುನೂರ ಅರವತ್ತೆಂಟು. ಡಿಸ್ಟಿಂಕ್ಷನ್! ಮುಂದಿನ ತಿಂಗಳು ಮತ್ತೆ ನೋಡಿದೆ. ಏಳುನೂರ ಅರವತ್ತೈದು.

ಮೂರು ಅಂಕ ಎಲ್ಲಿ ಹೋದವು? ಸ್ಕೋರ್ ಇಳಿದಿದೆಯೆಂದರೆ ಚೋರ ಇರಲೇಬೇಕು!

"ರೇಣುಕಾ, ನನಗ ತಿಳೀಲಾರದಂಗ ನನ್ನ ಹೆಸರಿಗೆ ಸಾಲ ಏನಾರ ತಗೊಂಡೀಯೇನು?"

"ತಗೊಂಡಿದ್ರ ಇಷ್ಟೊತ್ತಿಗೆ ಮೈಮ್ಯಾಲ ಬಂಗಾರ ಇರ್ತಿತ್ತಲ್ರಿ! ಮೂರು ಅಂಕಕ್ಕ ಯಾಕ ಹಿಂಗ ಮಾಡ್ತೀರಿ?"

"ಇವತ್ತು ಮೂರು, ನಾಳೆ ಮುನ್ನೂರು!"

ಆ ಭಾನುವಾರ ಅವಳ ತಮ್ಮ ಗಾಳೇಶ ಯಲಬುರ್ಗಾದಿಂದ ಊಟಕ್ಕೆ ಬಂದ. ಅಲ್ಲಿ ಅವನದೊಂದು ಝರಾಕ್ಸ್ ಅಂಗಡಿ. ಸಾಲದ ಕಾಗದಪತ್ರಕ್ಕೆಂದು ನನ್ನ ಪ್ಯಾನ್ ಕಾರ್ಡಿನ ಪ್ರತಿ ತೆಗೆದುಕೊಟ್ಟವನು ಅವನೇ. ನನ್ನ ತಲೆಯಲ್ಲಿ ಗಂಟೆ ಹೊಡೆಯಿತು!

"ಗಾಳೇಶ, ಅವತ್ತು ನನ್ನ ಕಾರ್ಡಿಂದು ಎಷ್ಟು ಝರಾಕ್ಸ್ ತಗದಿ?"

"ಎರಡು ರೀ ಮಾವಾರ. ಇನ್ನೊಂದು ಕರ್ರಗ ಬಂತು, ಹರದು ಒಗದ್ನಿ."

"ಎಲ್ಲಿ ಒಗದಿ? ಎಷ್ಟು ತುಂಡು ಮಾಡಿದಿ? ಯಾರಾರ ಆರಿಸಿಕೊಂಡ್ರೇನು?"

ಗಾಳೇಶನ ಕೈಯಲ್ಲಿದ್ದ ತುತ್ತು ತಾಟಿಗೆ ವಾಪಸ್ ಇಳಿಯಿತು. "ಮಾವಾರ, ನನ್ನ ಮ್ಯಾಲ ಸಂಶೆ ಐತೇನ್ರಿ?"

"ಸಂಶೆ ಅಲ್ಲಪಾ, ಬರೇ ಲೆಕ್ಕ!"

ಅವನು ಎದ್ದು ಕೈ ತೊಳೆದುಕೊಂಡು, ಅಕ್ಕನಿಗೆ ಮಾತ್ರ ಹೇಳಿ ಹೊರಟುಹೋದ. ಎರಡು ದಿನ ರೇಣುಕಾ ರೊಟ್ಟಿ ಬಡಿಯುವ ಸದ್ದು ನನ್ನ ಬೆನ್ನ ಮೇಲೇ ಬಿದ್ದಂತೆ ಕೇಳುತ್ತಿತ್ತು.

ಆದರೆ ಪತ್ತೇದಾರ ಸುಮ್ಮನಿರುತ್ತಾನೆಯೇ? ಕಳ್ಳನಿಗೆ ದಾರಿ ಸಿಗಬಾರದೆಂದು ಹನ್ನೆರಡು ವರ್ಷದ ಹಳೆಯ ಕ್ರೆಡಿಟ್ ಕಾರ್ಡನ್ನು ಮುಚ್ಚಿಸಿದೆ. ನನ್ನ ಹೆಸರಿಗೆ ಇನ್ನೂ ಬೆಲೆ ಇದೆಯೋ ಎಂದು ಪರೀಕ್ಷಿಸಲು ಮೊಬೈಲಿನಲ್ಲೇ ಐದು ಕಡೆ ಸಾಲಕ್ಕೆ ಅರ್ಜಿ ಒಗೆದೆ. ಸಾಲ ಯಾರಿಗೆ ಬೇಕಿತ್ತು? ಕೊಡುತ್ತಾರೋ ಇಲ್ಲವೋ ನೋಡಬೇಕಿತ್ತು, ಅಷ್ಟೆ!

ಮುಂದಿನ ತಿಂಗಳು ಸ್ಕೋರ್ ಏಳುನೂರ ಹದಿನೆಂಟು!

"ನೋಡಿದ್ಯಾ? ಕಳ್ಳ ಮತ್ತ ಕೈ ಹಾಕ್ಯಾನ!" ಎಂದು ಕೂಗಿ, ಫೈಲು ಬಗಲಲ್ಲಿಟ್ಟುಕೊಂಡು ಬ್ಯಾಂಕಿಗೆ ಓಡಿದೆ. ತಮ್ಮನ ಮಾನದ ಪ್ರಶ್ನೆ ಎಂದು ರೇಣುಕಾ ಕೂಡ ಬಂದಳು.

ಸಾಲದ ಅಧಿಕಾರಿ ವಿಜಯಲಕ್ಷ್ಮಿ ಮೇಡಂ ಕಂಪ್ಯೂಟರು ನೋಡಿದರು. "ಸರ್, ಮೊದಲ್ನೇ ತಿಂಗಳ ಕ್ರೆಡಿಟ್ ಕಾರ್ಡಿನ ಮ್ಯಾಲ ಏನಾರ ದೊಡ್ಡದು ಕೊಂಡಿದ್ರೇನು?"

"ಹೂನ್ರಿ, ಕೂಲರ್."

"ಕಾರ್ಡಿನ ಬಾಕಿ ಏರಿತು, ಅದಕ್ಕ ಅಂಕ ಮೂರು ಇಳದೈತಿ. ಬಿಲ್ ಕಟ್ಟಿದ ಮ್ಯಾಲ ತಾನಽ ಏರ್ತಿತ್ತು. ಅಷ್ಟು ಏರೋದು ಇಳಿಯೋದು ಇದ್ದದ್ದಽ ರೀ, ಅದಕ್ಕ ತಲಿ ಕೆಡಿಸಿಕೊಳ್ಳಬಾರ್ದು. ಆದ್ರ ಈ ನಲವತ್ತೇಳು... ಒಂದ ವಾರದಾಗ ಐದು ಕಡೆ ಸಾಲ ಕೇಳ್ಯಾರ. ಇವರಿಗೆ ರೊಕ್ಕದ ಭಾಳ ತ್ರಾಸ ಐತಿ ಅಂತ ನೋಡಿದವ್ರಿಗೆ ಅನ್ನಿಸ್ತೈತ್ರಿ. ಯಾರು ಕೇಳಿದ್ದು?"

"ನಾನಽ ರೀ... ಪರೀಕ್ಷೆ ಮಾಡಾಕ."

"ಹಳೇ ಕಾರ್ಡ್ ಮುಚ್ಚಿಸಿದ್ರೂ ಅಂಕ ಇಳೀತೈತಿ. ಅದನ್ನ ಮುಚ್ಚಿಸಿದ್ದು?"

"ಅದೂ ನಾನಽ."

"ಹಂಗಾದ್ರ ಕಳ್ಳ ಸಿಕ್ಕ ಬಿಡ್ರಿ, ಸರ್!"

ಪಕ್ಕದ ಕುರ್ಚಿಯಿಂದ ಆಜ್ಞೆ ಬಂತು: "ಮೊದ್ಲ ನನ್ನ ತಮ್ಮಗ ಫೋನ್ ಹಚ್ರಿ."

ಹಚ್ಚಿದೆ. "ಗಾಳೇಶ, ನಂದಽ ತಪ್ಪಾತಪಾ."

"ಇರ್ಲಿ ಬಿಡ್ರಿ ಮಾವಾರ," ಎಂದ ಅವನು. ಆ 'ಬಿಡ್ರಿ'ಯೊಳಗೆ ಇನ್ನೂ ಬಿಡದ ನೋವೊಂದಿತ್ತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ನಾನೇ ನಪಾಸಾದೆ.

ಮೇಡಂ ಕೆಮ್ಮಿದರು. "ಸರ್, ಈ ಸ್ಕೋರಿಗೆ ನಮ್ಮಲ್ಲಿ ಬಡ್ಡಿ ಜಾಸ್ತಿ ಬೀಳ್ತೈತ್ರಿ. ಅಕ್ಕಾರದೂ ಒಮ್ಮೆ ನೋಡೋಣು." ಕೀಲಿ ಒತ್ತಿದರು. "ಅಬ್ಬಾ! ಏಳುನೂರ ತೊಂಬತ್ತೊಂದು! ಹೊಲಿಗಿ ಮಷಿನ್ನಿನ ಸಾಲ, ಒಂದು ಕಂತೂ ತಪ್ಪಿಲ್ಲ."

"ನೀ ಯಾವಾಗ ಸಾಲ ತಗೊಂಡಿದ್ದಿ?" ಎಂದು ಬಾಯಿ ತೆರೆದೆ.

"ನಾಕ ವರ್ಷದ ಹಿಂದ. ಜಾಮೀನಿಗೆ ಸಹಿ ಮಾಡಿದವ್ರು ನೀವಽ. ಒಂದು ಅಕ್ಷರ ಓದಲಾರದ!"

ಮೇಡಂ ಹೊಸ ಅರ್ಜಿ ತೆಗೆದರು. "ಅಕ್ಕಾರ, ಸಾಲ ನಿಮ್ಮ ಹೆಸರಿಗೇ ಮಾಡೋಣು. ಜೋಡಿಗೆ ಸರ್ ಹೆಸರು ಸೇರಸಲೇನ್ರಿ?"

ರೇಣುಕಾ ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಅಳೆದಳು.

"ಮನಷ್ಯಾ ಹೆಂಗದಾನ ಅಂತ ನಾಕ ಮಂದಿನ್ನ ವಿಚಾರಿಸಿ ಹೇಳ್ತೀನ್ರಿ, ಮೇಡಂ!"