ಹಸುವಿನ ಪಾಲಾದ ಮುದ್ದೆ

ನಮ್ಮ ದೊಡ್ಡಪ್ಪನ ಮಗನಷ್ಟು ಆರೋಗ್ಯದ ಬಗ್ಗೆ ತಲೆ ಕೆಡಿಸಿಕೊಂಡವನನ್ನು ತಿಪಟೂರು ಕಂಡಿರಲಿಕ್ಕಿಲ್ಲ. ಅಷ್ಟು ಚೆನ್ನಾಗಿ ಆರೋಗ್ಯ ಕೆಡಿಸಿಕೊಂಡವನನ್ನೂ ಕಂಡಿರಲಿಕ್ಕಿಲ್ಲ! ಪಿಯುಸಿಯಲ್ಲಿ ಒಂದು ವರ್ಷ ಅವನ ಜೊತೆ ಒಂದೇ ರೂಮಿನಲ್ಲಿದ್ದೆ. ಈಗ ನೆನೆದರೂ ಮೈ ಉರಿಯುತ್ತದೆ.

ಹೊಟ್ಟೆ ತುಂಬಿದರೆ ತಲೆ ಓಡುವುದಿಲ್ಲ ಎಂಬುದು ಅವನ ಸಿದ್ಧಾಂತ. ಯಾರು ಹೇಳಿಕೊಟ್ಟರೋ, ಅವರ ಬಾಯಿಗೆ ಮಣ್ಣು ಹಾಕ! ಬೆಳಿಗ್ಗೆ ತಣ್ಣೀರು ಸ್ನಾನ, ಒಂದು ಚೂರು ಕೊಬ್ಬರಿ, ಎರಡು ಲೋಟ ಟೀ. ಮಧ್ಯಾಹ್ನ ಟೀ. ಸಂಜೆ, ಬದಲಾವಣೆ ಇರಲೆಂದು, ಸಕ್ಕರೆ ಇಲ್ಲದ ಟೀ. ತೂಕಡಿಕೆ ಬಾರದಿರಲೆಂದು ತಲೆಗೆ ಒದ್ದೆ ಟವೆಲ್ಲು ಸುತ್ತಿಕೊಂಡು ಓದುತ್ತಿದ್ದ. ಯಾರಿಗೆ ಕಾಯಿಲೆ ಎಂದು ಬೀದಿಯವರು ರೂಮಿನ ಓನರಮ್ಮನನ್ನು ವಿಚಾರಿಸಿದ್ದೂ ಉಂಟು. ನಾನು ಎರಡು ತುತ್ತು ಜಾಸ್ತಿ ಉಂಡರೆ, ಈ ಸಲ ನೀನು ಫೇಲೇ ಎಂದು ಶಾಪ ಬೇರೆ ಹಾಕುತ್ತಿದ್ದ.

ನಮ್ಮಿಬ್ಬರ ಊಟ ಹಂದನಕೆರೆ ಕಡೆಯ ಬಸ್ಸಿನಲ್ಲಿ ಬರುತ್ತಿತ್ತು. ಅವನ ತಾಯಿ, ನಮ್ಮ ದೊಡ್ಡವ್ವ, ಕೋಳಿ ಕೂಗುವ ಮುಂಚೆ ಎದ್ದು ಮುದ್ದೆ, ಹುರುಳಿಸಾರು ಮಾಡಿ, ಕ್ಯಾರಿಯರ್ ಕಟ್ಟಿ ಕಂಡಕ್ಟರ್ ಕೈಗೆ ಕೊಡುತ್ತಿದ್ದಳು. ಈ ಪುಣ್ಯಾತ್ಮ ಏನು ಮಾಡುತ್ತಿದ್ದ? ತನ್ನ ಪಾಲಿನ ಮುದ್ದೆಯನ್ನು ಓನರಮ್ಮನ ಹಸುವಿಗೆ ತಿನ್ನಿಸಿ, ಕ್ಯಾರಿಯರ್ ತೊಳೆದು ಸಂಜೆಯ ಬಸ್ಸಿಗೆ ಹಾಕುತ್ತಿದ್ದ! ಹಸು ಮೈಕೈ ತುಂಬಿಕೊಂಡಿತು. ಇವನು ಪ್ಯಾಂಟು ಜಾರದಂತೆ ಸೊಂಟಕ್ಕೆ ಹುರಿ ಕಟ್ಟಿಕೊಂಡ. ನಾನು ಬೈದೆ, ಮಾತು ಬಿಟ್ಟೆ, ಒಮ್ಮೆ ಕೊರಳಪಟ್ಟಿಯನ್ನೂ ಹಿಡಿದೆ. ಜಗ್ಗಲಿಲ್ಲ. ದೊಡ್ಡವ್ವನಿಗೆ ಹೇಳುತ್ತೇನೆಂದರೆ ಮಾತ್ರ ಕೈಮುಗಿಯುತ್ತಿದ್ದ.

ಪರೀಕ್ಷೆಗೆ ವಾರವಿರುವಾಗ ಬಚ್ಚಲಲ್ಲಿ ತಲೆ ಸುತ್ತಿ ಬಿದ್ದ. ಕಾಯಿಲೆ ಏನೂ ಇಲ್ಲ, ಮೊದಲು ಊಟ ಮಾಡಿಸಿ ಎಂದರು ಡಾಕ್ಟರು. ನಾನು ಕಂಡಕ್ಟರ್ ಹತ್ತಿರ ಊರಿಗೆ ಹೇಳಿಕಳಿಸಿದೆ. ಮಾರನೆಯ ದಿನ ಕ್ಯಾರಿಯರ್ ಹಿಡಿದು ದೊಡ್ಡವ್ವನೇ ಬಸ್ಸಿಳಿದಳು. ಸಿಟ್ಟಿನಲ್ಲಿ ಹಸುವಿನ ಕಥೆಯನ್ನೆಲ್ಲ ಒಪ್ಪಿಸಿದೆ. ಚೆನ್ನಾಗಿ ಉಗಿಯಲಿ ಎಂದು ಕಾದೆ. ಅವಳು ಬೈಯಲಿಲ್ಲ. ಮಗನ ಮುಂದೆ ಕುಳಿತು, ಮುದ್ದೆ ಮುರಿದು, ಸಾರಿಗೆ ಅದ್ದಿ ಹಿಡಿದಳು. ತುತ್ತಿಗೆ ಅವನು ಬಾಯಿ ತೆರೆಯಲಿಲ್ಲ.

"ಗಂಟ್ಲಲ್ಲಿ ಇಳಿಯಲ್ಲ ಕಣವ್ವ," ಎಂದ. "ಫೇಲಾದ್ರೆ ನಿಮ್ಮ ಮಕ ಹೆಂಗ್ ನೋಡ್ಲಿ ಅಂತ ಹೆದ್ರಿಕೆ."

ಸಿದ್ಧಾಂತವೆಲ್ಲ ಇಷ್ಟೇ! ಒಂದು ವರ್ಷ ಪಕ್ಕದಲ್ಲೇ ಮಲಗಿ, ಉಣ್ಣುವುದಿಲ್ಲವೆಂದು ಬೈದಿದ್ದೆನೇ ಹೊರತು ಯಾಕೆಂದು ಒಂದು ದಿನವೂ ಕೇಳಿರಲಿಲ್ಲ. ಅವನ ಮೇಲಿದ್ದ ಸಿಟ್ಟೆಲ್ಲ ನನ್ನ ಮೇಲೇ ತಿರುಗಿತು.

"ಫೇಲಾದ್ರೆ ಆಗು, ಬುಡು ಮಗ," ಎಂದಳು ದೊಡ್ಡವ್ವ. "ನೀನಿದ್ರೆ ಸಾಕು ಕಣಪ್ಪ. ಉಣ್ಣು."

ಅವನು ಬಾಯಿ ತೆರೆದ. ಆ ತುತ್ತು ಇಳಿಯುವವರೆಗೂ ನಾವಿಬ್ಬರೂ ಅವನ ಗಂಟಲನ್ನೇ ನೋಡುತ್ತಿದ್ದೆವು.